68 ಸ್ಯಾಕ್‌ಗಳಲ್ಲಿ ಕೇಲಬ್‌ನ ಪಾಲೆಷ್ಟು, ಲೈನ್‌ನ ಪಾಲೆಷ್ಟು?

ಉತ್ತರದತುದಿ
(ಜೂನ್ 2025)

ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್) ತಂಡ ಶಿಕಾಗೊ ಬೇರ್ಸ್‌ನ ಅಭಿಮಾನಿಗಳಿಗೆ 2024ರ ಋತು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. 4 ಗೆಲುವು, 2 ಸೋಲು (4-2) ಇದ್ದ ತಂಡ ಸಾಲಾಗಿ 10 ಪಂದ್ಯ ಸೋತು, ಕೊನೇ ವಾರ ಗ್ರೀನ್ ಬೇಯಲ್ಲಿ 24-22 ಗೆದ್ದು 5-12ಕ್ಕೆ ಮುಗಿಸಿತು. ಹದಿನೇಳು ಪಂದ್ಯಕ್ಕೆ ಒಟ್ಟು 310 ಅಂಕ. ನಮ್ಮದೇ ವಿಭಾಗದ ಡೆಟ್ರಾಯಿಟ್ ಅದೇ ವರ್ಷ 564 ಹೊಡೆಯಿತು.

ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸೋದು) ಮೊದಲ ಆಯ್ಕೆಯಾಗಿ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಕೇಲಬ್ ವಿಲಿಯಮ್ಸ್‌ದು 3,541 ಯಾರ್ಡ್, 20 ಟಚ್‌ಡೌನ್, ಬರೀ 6 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಮೊದಲ ವರ್ಷದ ಹುಡುಗನಿಗೆ ಇದು ಕೆಟ್ಟ ಲೆಕ್ಕವಲ್ಲ. ಆದರೆ 68 ಸಲ ಸ್ಯಾಕ್ ಆಗಿದ್ದಾನೆ, ಅಂದ್ರೆ ಚೆಂಡು ಎಸೆಯೋ ಮುಂಚೆಯೇ ಹಿಂದೆ ಕೆಡವಿಸಿಕೊಂಡಿದ್ದಾನೆ. ಒಂದೇ ಋತುವಿನಲ್ಲಿ ಇದಕ್ಕಿಂತ ಹೆಚ್ಚು ಸ್ಯಾಕ್ ತಿಂದವರು ಇಬ್ಬರೇ: 2002ರಲ್ಲಿ ಹ್ಯೂಸ್ಟನ್‌ನ ಡೇವಿಡ್ ಕಾರ್ 76, 1986ರಲ್ಲಿ ಫಿಲಡೆಲ್ಫಿಯಾದ ರಾಂಡಲ್ ಕನಿಂಗ್‌ಹ್ಯಾಮ್ 72.

ಒಬ್ಬರನ್ನು ಕೇಳಿದರೆ "ಲೈನ್ ಜರಡಿ" ಅಂತಾರೆ (ಲೈನ್ ಅಂದ್ರೆ ಅವನನ್ನು ಕಾಯೋ ಐದು ಜನ: ನಡುವೆ ಸೆಂಟರ್, ಅಕ್ಕಪಕ್ಕ ಗಾರ್ಡ್, ಕೊನೆಗಳಲ್ಲಿ ಟ್ಯಾಕಲ್), ಇನ್ನೊಬ್ಬರು "ಚೆಂಡು ಬಿಡೋದೇ ಇಲ್ಲ" ಅಂತಾರೆ, ಮತ್ತೊಬ್ಬರು ಎಲ್ಲಾ ದಾಳಿಯ ಆಟ (ಅಫೆನ್ಸ್) ನಡೆಸುತ್ತಿದ್ದ ಕೋಚ್ ಶೇನ್ ವಾಲ್ಡ್ರನ್ ತಲೆಗೆ ಕಟ್ಟುತ್ತಾರೆ. ಪಂದ್ಯದ ವೀಡಿಯೊ ಮುಂದಿಟ್ಟುಕೊಂಡು ಒಂದೊಂದು ಸ್ಯಾಕ್ ಯಾರ ಲೆಕ್ಕಕ್ಕೆ ಹೋಗಬೇಕು ಅಂತ ಹೇಳೋಕೆ ಕ್ರಮ ಏನಾದರೂ ಇದೆಯಾ? ಇನ್ನೊಂದು ಪ್ರಶ್ನೆ: ಈ ಸಲ ತಂದದ್ದು ಇಬ್ಬರು ಗಾರ್ಡ್, ಒಬ್ಬ ಸೆಂಟರ್. ಎಡ ಟ್ಯಾಕಲ್ ಜಾಗ ಇನ್ನೂ ಗಟ್ಟಿಯಾಗಿಲ್ಲ. ದುಡ್ಡನ್ನೆಲ್ಲ ಮಧ್ಯಕ್ಕೇ ಯಾಕೆ ಸುರಿದರು?

ಎಡಗಾರ್ಡ್

ಸ್ಯಾಕ್ ಆದಾಗ ಟಿವಿಯಲ್ಲಿ ಕಾಣೋದು ಕೊನೆಗೆ ಯಾರು ಸೋತ ಅನ್ನೋದು ಮಾತ್ರ. ಮೊದಲು ಯಾರು ತಪ್ಪಿದ ಅನ್ನೋದಕ್ಕೆ ಗಡಿಯಾರ ಬೇಕು. ಫೋನಿನ ಸ್ಟಾಪ್‌ವಾಚ್ ಸಾಕು. ಸೆಂಟರ್‌ನ ಕೈಯಿಂದ ಚೆಂಡು ಹೊರಟ (ಸ್ನ್ಯಾಪ್) ತಕ್ಷಣ ಒತ್ತಿ, ಎರಡು ಸಮಯ ಬರೆದುಕೊಳ್ಳಿ: ಮೊದಲ ರಷರ್ (ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವ ಎದುರಾಳಿ) ಬ್ಲಾಕ್ ಬಿಡಿಸಿಕೊಂಡದ್ದು ಯಾವಾಗ, ಸ್ಯಾಕ್ ಆದದ್ದು ಯಾವಾಗ.

ಆಮೇಲೆ ಡ್ರಾಪ್ ನೋಡಿ, ಅಂದ್ರೆ ಎಸೆಯೋಕೆ ಮುಂಚೆ ಎಷ್ಟು ಹೆಜ್ಜೆ ಹಿಂದೆ ಹೋದ ಅನ್ನೋದು. ಅದಿಲ್ಲದೆ ಸಮಯಕ್ಕೆ ಅರ್ಥವಿಲ್ಲ. ಶಾಟ್‌ಗನ್‌ನಿಂದ (ಸೆಂಟರ್‌ಗೆ ಕೆಲವು ಯಾರ್ಡ್ ಹಿಂದೆ ನಿಂತು) ಒಂದು ಹೆಜ್ಜೆ ಇಟ್ಟು ಎಸೆಯುವ ಸ್ಲ್ಯಾಂಟ್, ಹಿಚ್, ಸ್ಟಿಕ್ ಥರದ ಚಿಕ್ಕ ಪಾಸ್ ಸುಮಾರು 1.8 ಸೆಕೆಂಡಿನೊಳಗೆ ಕೈ ಬಿಟ್ಟಿರಬೇಕು. ಅಂಡರ್ ಸೆಂಟರ್‌ನಿಂದ (ಸೆಂಟರ್‌ನ ಬೆನ್ನಿಗೇ ನಿಂತು) ಐದು ಹೆಜ್ಜೆಯ ಡ್ರಾಪ್, ಅಥವಾ ಶಾಟ್‌ಗನ್‌ನಿಂದ ಮೂರು ಹೆಜ್ಜೆ ಆದರೆ 2.5ರ ಆಸುಪಾಸು. ಏಳು ಹೆಜ್ಜೆಯ ಪ್ಲೇ ಆಕ್ಷನ್‌ಗೆ (ಓಟದ ನಟನೆ ಮಾಡಿ ಎಸೆಯೋದು) ಮೂರು, ಹೆಚ್ಚೆಂದರೆ ಮೂರೂಕಾಲು. ಐದು ಹೆಜ್ಜೆಯ ಪಾಸ್‌ನಲ್ಲಿ ರಷರ್ 2 ಸೆಕೆಂಡಿಗೇ ಬಿಡಿಸಿಕೊಂಡ, 2.6ಕ್ಕೆ ಸ್ಯಾಕ್ ಆಯಿತು ಅಂದ್ರೆ ಅದು ಲೈನ್‌ನ ಲೆಕ್ಕ, ವಾದವೇ ಬೇಡ. ಅದೇ ಪಾಸ್‌ನಲ್ಲಿ 3.2 ಸೆಕೆಂಡಿನವರೆಗೂ ಎಲ್ಲರೂ ತಡೆದು ನಿಂತಿದ್ದು 4ಕ್ಕೆ ಸ್ಯಾಕ್ ಆಯಿತು ಅಂದ್ರೆ ಚೆಂಡು ಹಿಡಿದವನ ಲೆಕ್ಕ. ನಡುವಿನವು ಇವೆಯಲ್ಲ, ಅಲ್ಲೇ ಜನ ಎಡವೋದು.

ನಡುವಿನವುಗಳಿಗೆ ತಲೆ ಎಣಿಸಿ. ಐದು ಜನ ಲೈನ್‌ಮನ್, ಜೊತೆಗೆ ಉಳಿದುಕೊಂಡ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಸೇರಿ ಆರು ಬ್ಲಾಕರ್. ಡಿಫೆನ್ಸ್ ಏಳು ಜನರನ್ನು ಕಳಿಸಿದರೆ ಒಬ್ಬನಿಗೆ ತಡೆ ಇಲ್ಲ. ಆ ಒಬ್ಬನನ್ನು ತಡೆಯೋದು ಲೈನ್‌ನ ಕೆಲಸ ಅಲ್ಲವೇ ಅಲ್ಲ, ಕ್ವಾರ್ಟರ್‌ಬ್ಯಾಕ್‌ನ ಕೆಲಸ: ಹಾಟ್ ರೂಟ್‌ಗೆ (ಇಂಥ ಹೊತ್ತಿಗೆಂದೇ ಇಟ್ಟ ಹತ್ತಿರದ ಪಾಸ್) ತಕ್ಷಣ ಎಸೆಯಬೇಕು, ಇಲ್ಲವೇ ಸ್ನ್ಯಾಪ್‌ಗೆ ಮುಂಚೆ ಪ್ರೊಟೆಕ್ಷನ್ (ಯಾರು ಯಾರನ್ನು ತಡೆಯಬೇಕು ಅನ್ನೋ ಏರ್ಪಾಡು) ಬದಲಿಸಬೇಕು. ಯಾರೂ ಮುಟ್ಟದೆ ಬಂದ ರಷರ್‌ನನ್ನು ನೋಡಿ "ಟ್ಯಾಕಲ್ ಮಲಗಿದ್ದ" ಅಂತ ಬೈಯೋದು ಎಷ್ಟೋ ಸಲ ಅನ್ಯಾಯ. ಲೈನ್ ಇಡೀ ಬಲಕ್ಕೆ ಸ್ಲೈಡ್ ಆಗಿದ್ದರೆ (ಸರಿದಿದ್ದರೆ) ಎಡದ ಕೊನೆಯ ರಷರ್ ರನ್ನಿಂಗ್ ಬ್ಯಾಕ್‌ಗೆ ಸೇರಿದವನು. ಟ್ಯಾಕಲ್ ಒಳಗೆ ತಿರುಗಿದ್ದೇ ಸರಿ. ಇದಕ್ಕೆ ವಿರುದ್ಧವೂ ಇದೆ. ಬಂದವರು ನಾಲ್ಕೇ ಜನ, ತಡೆಯೋಕೆ ಆರು ಜನ ಇದ್ದರು, ಆದರೂ ಒಬ್ಬ ನುಗ್ಗಿದ ಅಂದ್ರೆ ಅದು ಲೈನ್‌ನೊಳಗಿನ ಮಾತುಕತೆ ಕೆಟ್ಟಿದ್ದು.

ಇನ್ನು ಕೇಲಬ್ ವಿಚಾರಕ್ಕೇ ಬಂದರೆ ಪಾದ ನೋಡಿ. ಟ್ಯಾಕಲ್ ತನ್ನ ರಷರ್‌ನನ್ನು ಹೊರಗೆ ದೂಡುವಾಗ ಕ್ವಾರ್ಟರ್‌ಬ್ಯಾಕ್ ಏಳೆಂಟು ಯಾರ್ಡ್ ಹಿಂದೆ ಇದ್ದಾನೆ ಅಂತ ನಂಬಿ ದೂಡ್ತಾನೆ. ರಷರ್ ಸುತ್ತಿ ಬರುವಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಸರಿದರೆ ಅವನು ಬೆನ್ನ ಹಿಂದಿನಿಂದ ದಾಟಿ ಹೋಗ್ತಾನೆ. ಕೇಲಬ್ ಮುಂದೆ ಸರಿಯುವ ಬದಲು 10-11 ಯಾರ್ಡ್‌ವರೆಗೆ ಹಿಂದಕ್ಕೆ ಜಾರಿದ ಸಂದರ್ಭಗಳು ಬೇಕಾದಷ್ಟಿವೆ. ಆಗ ಟ್ಯಾಕಲ್ ಸರಿಯಾಗಿಯೇ ದೂಡಿದ ರಷರ್ ನೇರ ಅವನ ಎದೆಗೆ ಬರ್ತಾನೆ. ನೋಡಿದವರಿಗೆ ಟ್ಯಾಕಲ್ ಸೋತ ಹಾಗೆ ಕಾಣುತ್ತೆ.

ಟಿವಿ ಪ್ರಸಾರದ ಪಕ್ಕದ ಕ್ಯಾಮೆರಾದಿಂದ ಇದರಲ್ಲಿ ಅರ್ಧ ಗೊತ್ತಾಗಲ್ಲ. ರಿಸೀವರ್‌ಗಳೂ ಸೇಫ್ಟಿಗಳೂ (ಡಿಫೆನ್ಸ್‌ನ ಹಿಂದಿನ ಸಾಲಿನವರು) ಚೌಕಟ್ಟಿನಿಂದ ಆಚೆ ಹೋಗಿರ್ತಾರೆ. 22 ಜನರೂ ಕಾಣೋ ಕೋಚ್‌ಗಳ ವೀಡಿಯೊ, ಅದರಲ್ಲೂ ಎಂಡ್‌ಝೋನ್ ಹಿಂದಿನ ಕೋನ ಸಿಕ್ಕರೆ ಮಾತ್ರ ಲೈನ್ ಬಗ್ಗೆ ಗಟ್ಟಿಯಾಗಿ ಮಾತಾಡಿ.

ಲೆಕ್ಕಪತ್ರ

ಎಡಗಾರ್ಡ್ ಅವರು ಹೇಳಿದ್ದು ಒಂದೊಂದು ಸ್ನ್ಯಾಪ್‌ಗೆ. ಇಡೀ ಋತುವಿಗೆ ಬಂದರೆ, 6 ಇಂಟರ್‌ಸೆಪ್ಷನ್ ಮತ್ತು 68 ಸ್ಯಾಕ್ ಎರಡನ್ನೂ ಬೇರೆ ಬೇರೆ ಸಂಗತಿ ಅಂತ ನೋಡಬಾರದು ಅನ್ನೋದು ನನ್ನ ವಾದ. ಇಂಟರ್‌ಸೆಪ್ಷನ್ ಕಡಿಮೆ ಇದ್ದದ್ದಕ್ಕೆ ತೆತ್ತ ಬೆಲೆಯಲ್ಲಿ ದೊಡ್ಡ ಭಾಗ ಆ ಸ್ಯಾಕ್‌ಗಳೇ.

ಪಾಸರ್ ರೇಟಿಂಗ್ (ಎಸೆಯುವವನ ಆಟಕ್ಕೆ ಕೊಡೋ ಅಂಕ) ಈ ಬೆಲೆಯನ್ನು ಮುಚ್ಚಿಡುತ್ತೆ, ಯಾಕಂದ್ರೆ ಅದರ ಸೂತ್ರದಲ್ಲಿ ಸ್ಯಾಕ್‌ಗೆ ಜಾಗವೇ ಇಲ್ಲ. ಅದರಲ್ಲಿರೋದು ನಾಲ್ಕೇ ಭಾಗ: ಪೂರ್ಣಗೊಂಡ ಪಾಸ್, ಯಾರ್ಡ್, ಟಚ್‌ಡೌನ್, ಇಂಟರ್‌ಸೆಪ್ಷನ್, ಎಲ್ಲವೂ ಎಸೆದ ಪಾಸ್‌ಗಳ ಸಂಖ್ಯೆಯಿಂದ ಭಾಗಿಸಿದ್ದು. ಕೇಲಬ್ 562 ಎಸೆದು 351 ಪೂರ್ತಿ ಮಾಡಿದ. ರೇಟಿಂಗ್ 87.8 ಬರುತ್ತೆ. ಚೆಂಡು ಹಿಡಿದುಕೊಂಡು ಏಳು ಯಾರ್ಡ್ ಹಿಂದೆ ಬಿದ್ದರೂ ರೇಟಿಂಗ್ ಕದಲಲ್ಲ, ಹೊರಗೆ ಎಸೆದು ಉಳಿಸಿಕೊಂಡರೆ ಮಾತ್ರ ಇಳಿಯುತ್ತೆ. ಸರಿಯಾದ ಕೆಲಸ ಮಾಡಿದವನಿಗೇ ದಂಡ.

ಹೊಂದಿಸಿದ ನಿವ್ವಳ ಯಾರ್ಡ್ ಲೆಕ್ಕ ಹಾಕಿ ನೋಡಿ. ಪಾಸಿಂಗ್ ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೆ 20 ಕೂಡಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 45 ಕಳೆದು, ಸ್ಯಾಕ್‌ನಲ್ಲಿ ಹೋದ ಯಾರ್ಡನ್ನೂ ಕಳೆದು, ಬಂದದ್ದನ್ನು ಎಸೆತ ಮತ್ತು ಸ್ಯಾಕ್ ಎರಡರ ಮೊತ್ತದಿಂದ ಭಾಗಿಸಬೇಕು. ಕೇಲಬ್‌ಗೆ ಸ್ಯಾಕ್‌ನಲ್ಲಿ ಹೋದದ್ದು 466 ಯಾರ್ಡ್. 3,541ಕ್ಕೆ 400 ಕೂಡಿಸಿ, 270 ಮತ್ತು 466 ಕಳೆದರೆ 3,205. ಭಾಗಿಸಬೇಕಾದ್ದು 630ರಿಂದ. ಉತ್ತರ 5.09.

ಈಗ ಇದನ್ನು 1998ರ ಪೇಟನ್ ಮ್ಯಾನಿಂಗ್ ಪಕ್ಕ ಇಡಿ. ಅವನೂ ಮೊದಲ ಆಯ್ಕೆ, ಅವನ ತಂಡವೂ ಸೋತು ಸುಣ್ಣವಾಗಿ 3-13ಕ್ಕೆ ಮುಗಿಸಿತು. 28 ಇಂಟರ್‌ಸೆಪ್ಷನ್, ರೂಕಿಗಳ (ಮೊದಲ ವರ್ಷದವರ) ದಾಖಲೆ. ಸ್ಯಾಕ್ ಬರೀ 22. ರೇಟಿಂಗ್ 71.2, ಅಂದರೆ ಕೇಲಬ್‌ಗಿಂತ 16ಕ್ಕೂ ಹೆಚ್ಚು ಕೆಳಗೆ. ಆದರೆ ನಿವ್ವಳ ಲೆಕ್ಕದಲ್ಲಿ ಸುಮಾರು 4.8. ಇಬ್ಬರೂ ಹತ್ತಿರ ಹತ್ತಿರ ಒಂದೇ ಮಟ್ಟ! ಒಬ್ಬ ಬೇಗ ಎಸೆದು ತಪ್ಪಿದ, ಇನ್ನೊಬ್ಬ ತಪ್ಪಬಾರದು ಅಂತ ಎಸೆಯದೆ ಉಳಿದ. ಮುಂದಿನ ವರ್ಷ ಇಂಡಿಯಾನಾಪೊಲಿಸ್ 13-3 ಆಯಿತು. ಕೇಲಬ್‌ಗೂ ಹಾಗೇ ಆಗುತ್ತೆ ಅಂತ ಇದರಿಂದ ಹೇಳೋಕಾಗಲ್ಲ. ಬೇಗ ಎಸೆಯೋ ಅಭ್ಯಾಸ ಇರುವವನಿಗೆ ಎಲ್ಲಿ ಎಸೆಯಬಾರದು ಅಂತ ಕಲಿಸೋದು ಒಂದು ಕೆಲಸ, ಹಿಡಿದುಕೊಳ್ಳುವವನಿಗೆ ನಂಬಿ ಬಿಡೋದನ್ನು ಕಲಿಸೋದು ಬೇರೆಯದೇ ಕೆಲಸ.

630 ಸಲದಲ್ಲಿ 68 ಅಂದ್ರೆ ಪ್ರತಿ 100ಕ್ಕೆ 10.8. ಪ್ರತಿ ಸ್ಯಾಕ್‌ಗೂ ಸರಾಸರಿ ಏಳು ಯಾರ್ಡ್‌ನ ಹತ್ತಿರ ನಷ್ಟ. ಎರಡನೇ ಡೌನ್‌ಗೆ (10 ಯಾರ್ಡ್ ಸಾಗೋಕೆ ಸಿಗೋ ನಾಲ್ಕು ಯತ್ನಗಳಲ್ಲಿ ಎರಡನೆಯದು) 10 ಯಾರ್ಡ್ ಬೇಕಿದ್ದದ್ದು ಮೂರನೇ ಡೌನ್‌ಗೆ 17 ಆಗುತ್ತೆ. ಅಲ್ಲಿಂದ ಪ್ಲೇಬುಕ್‌ನ ಮುಕ್ಕಾಲು ಪುಟ ಹರಿದು ಹಾಕಿದ ಹಾಗೆ.

ಮೂರನೇಡೌನ್

ಲೆಕ್ಕ ಒಪ್ಪಿದೆ. ಆದರೆ ಹುಡುಗನ ಮೇಲೆ ಇಷ್ಟು ಭಾರ ಹಾಕೋ ಮುಂಚೆ ಅವನ ಸುತ್ತ ಏನಾಯಿತು ಅಂತಾನೂ ಬರೆಯಬೇಕಲ್ಲ.

ಒಂದೇ ಋತುವಿನಲ್ಲಿ ಅಫೆನ್ಸ್ ಕೈ ಬದಲಾದದ್ದು ಎಷ್ಟು ಸಲ ನೋಡಿ. ನವೆಂಬರ್ 10ರಂದು ನ್ಯೂ ಇಂಗ್ಲೆಂಡ್ ಎದುರು ಸ್ವಂತ ಮೈದಾನದಲ್ಲಿ 19-3 ಸೋಲು, 9 ಸ್ಯಾಕ್. ಅವತ್ತು ಎಡ ಬಲ ಎರಡೂ ಕಡೆ ಖಾಯಂ ಟ್ಯಾಕಲ್‌ಗಳು ಗಾಯದಿಂದ ಹೊರಗಿದ್ದರು. ಎರಡೇ ದಿನಕ್ಕೆ ವಾಲ್ಡ್ರನ್ ಹೋದರು, ಥಾಮಸ್ ಬ್ರೌನ್ ಬಂದರು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ 23-20 ಸೋಲು. ಕೊನೆಯಲ್ಲಿ ಸ್ಯಾಕ್ ಆದ ಮೇಲೂ ಅರ್ಧ ನಿಮಿಷ ಉಳಿದಿತ್ತು, ಟೈಮ್‌ಔಟ್ ಕೈಯಲ್ಲಿತ್ತು, ಯಾರೂ ತೆಗೆದುಕೊಳ್ಳಲಿಲ್ಲ. ಗಡಿಯಾರ ಓಡಿಹೋಯಿತು. ಮರುದಿನ ಮುಖ್ಯ ಕೋಚ್ ಎಬರ್‌ಫ್ಲೂಸ್ ಕೂಡ ಹೋದರು. ಬ್ರೌನ್ ಮಧ್ಯಂತರ ಮುಖ್ಯ ಕೋಚ್ ಆದರು. ಕರೆಗಳ (ಯಾವ ಪ್ಲೇ ಆಡಬೇಕು ಅಂತ ಕೋಚ್ ಹೇಳೋದು) ಗುಣಮಟ್ಟ ಕೇಳಲೇಬೇಡಿ. ವಾಷಿಂಗ್ಟನ್ ಎದುರು ನಾಲ್ಕನೇ ಕ್ವಾರ್ಟರ್‌ನಲ್ಲಿ ಗೋಲ್ ಲೈನ್‌ಗೆ 1 ಯಾರ್ಡ್ ಇರುವಾಗ ಬದಲಿ ಲೈನ್‌ಮನ್ ಡಗ್ ಕ್ರೇಮರ್ ಕೈಗೆ ಚೆಂಡು ಕೊಡಿಸಿ ಫಂಬಲ್ (ಚೆಂಡು ಕೈತಪ್ಪೋದು) ಮಾಡಿಸಿದ ಕರೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಆ ಪಂದ್ಯ ಸೋತದ್ದು 18-15ಕ್ಕೆ.

ಬ್ರೌನ್ ಬಂದ ಮೊದಲ ವಾರಗಳಲ್ಲಿ ಚೆಂಡು ಬೇಗ ಕೈ ಬಿಡುತ್ತಿತ್ತು. ಮಿನೆಸೋಟ ಎದುರು ಓವರ್‌ಟೈಮ್‌ನಲ್ಲಿ ಸೋತರೂ ಕೇಲಬ್ 340 ಯಾರ್ಡ್, 2 ಟಚ್‌ಡೌನ್ ಎಸೆದ. ಓದೋಕೆ ಸುಲಭವಾದ ಪಾಸ್ ಕೊಟ್ಟರೆ ಈ ಹುಡುಗ ಸಮಯಕ್ಕೆ ಸರಿಯಾಗಿ ಎಸೀತಾನೆ ಅನ್ನೋದಕ್ಕೆ ಅದೇ ಸಾಕ್ಷಿ.

ಎಡಗಾರ್ಡ್

ಮೂರನೇಡೌನ್ ಅವರೇ, ಆ ಪಂದ್ಯದ ಮಾತು ಒಪ್ಪಿದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎದುರು 7 ಸ್ಯಾಕ್, ಮೊದಲರ್ಧದಲ್ಲಿ ಇಡೀ ಅಫೆನ್ಸ್‌ಗೆ ಬರೀ 4 ಯಾರ್ಡ್. 26ನೇ ತಾರೀಖು ಸಿಯಾಟಲ್ ಎದುರು 6-3 ಸೋಲು, ಮತ್ತೆ 7. ವಾಲ್ಡ್ರನ್ ಹೋಗಿ ಒಂದು ತಿಂಗಳ ಮೇಲಾಗಿತ್ತು. ಕರೆ ಕೊಡುವವರು ಬದಲಾದರೂ ರೋಗ ಉಳಿಯಿತು ಅಂದ್ರೆ ಬೇರು ಒಂದೇ ಕಡೆ ಇಲ್ಲ.

ಗಾರ್ಡ್‌ಗಳಿಗೆ ಯಾಕೆ ಸುರಿದರು ಅಂತ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ. ಅಂಚಿನಿಂದ ಬರುವ ರಷರ್ ಸುತ್ತಿ ಬರಬೇಕು. ಅವನು ಬರ್ತಿರೋದು ಕಾಣುತ್ತೆ, ಮುಂದೆ ಹೆಜ್ಜೆ ಇಟ್ಟು ತಪ್ಪಿಸಿಕೊಳ್ಳಬಹುದು. ಮಧ್ಯದಿಂದ ಬಂದವನು ನೇರ ದಾರಿಯಲ್ಲಿ ಬರ್ತಾನೆ, ಮುಂದೆ ಸರಿಯೋ ಜಾಗವನ್ನೇ ತಿಂದು ಹಾಕ್ತಾನೆ. ಎಸೆಯುವಾಗ ಮುಂಗಾಲು ಚಾಚೋಕೆ ಜಾಗ ಇಲ್ಲದಿದ್ದರೆ ಚೆಂಡು ತೇಲುತ್ತೆ. ಕೇಲಬ್ ಹಿಂದಕ್ಕೆ ಜಾರೋ ಚಾಳಿ ಅಂತ ಮೇಲೆ ಬರೆದೆನಲ್ಲ, ಅದರಲ್ಲಿ ಒಂದು ಪಾಲು ಮಧ್ಯದ ಮೇಲೆ ನಂಬಿಕೆ ಇಲ್ಲದ್ದರಿಂದ ಬಂದದ್ದು. ಮುಂದೆ ಗೋಡೆ ಕುಸಿಯುತ್ತೆ ಅಂತ ಗೊತ್ತಿದ್ದವನು ಮುಂದೆ ಹೆಜ್ಜೆ ಇಡಲ್ಲ. ಮಧ್ಯ ಗಟ್ಟಿಯಾದರೆ ಟ್ಯಾಕಲ್‌ನ ಕೆಲಸವೂ ತಾನಾಗೇ ಹಗುರ.

ಇನ್ನೊಂದು ಸ್ಟಂಟ್. ಡಿಫೆನ್ಸಿವ್ ಟ್ಯಾಕಲ್ ಹೊರಗೆ ನುಗ್ಗಿ ನಮ್ಮ ಟ್ಯಾಕಲ್‌ನ ದಾರಿ ಕಟ್ತಾನೆ, ಎಂಡ್ (ಅಂಚಿನ ರಷರ್) ಅವನ ಹಿಂದಿನಿಂದ ಸುತ್ತಿ ಒಳಗೆ ಬರ್ತಾನೆ. ಗಾರ್ಡ್ ತನ್ನವನನ್ನೇ ಬೆನ್ನಟ್ಟಿ ಹೊರಗೆ ಹೋದರೆ ಮಧ್ಯ ಬಾಗಿಲು ತೆರೆದ ಹಾಗೆ. ಅವನು ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಿ, ತಿರುಗಿ ಒಳಗೆ ಬರುವವನನ್ನು ಹಿಡಿಯಬೇಕು. ಇಬ್ಬರ ಭುಜವೂ ಒಂದೇ ಸಾಲಿನಲ್ಲಿದ್ದರೆ ಮಾತ್ರ ಈ ಕೈಬದಲು ಆಗುತ್ತೆ. ಒಬ್ಬ ಅರ್ಧ ಯಾರ್ಡ್ ಹಿಂದಿದ್ದರೂ ರಷರ್ ಇಬ್ಬರ ನಡುವೆ ಸಿಕ್ಕಿ ಇಬ್ಬರನ್ನೂ ತಡೀತಾನೆ. ತೋಳುಬಲ ಇದ್ದರೆ ಸಾಲದು, ವರ್ಷಗಟ್ಟಲೆ ಅಭ್ಯಾಸ ಬೇಕು.

ಜೋ ಥೂನಿಗೆ ಬೆಲೆ ಇರೋದು ಇಲ್ಲೇ. ಕಾನ್ಸಾಸ್ ಸಿಟಿಯಿಂದ 2026ರ ನಾಲ್ಕನೇ ಸುತ್ತಿನ ಆಯ್ಕೆ ಕೊಟ್ಟು ತಂದರು. 2023, 2024 ಎರಡೂ ವರ್ಷ ಮೊದಲ ಆಲ್‌ಪ್ರೊ ತಂಡದಲ್ಲಿದ್ದ (ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿ) ಎಡ ಗಾರ್ಡ್. ಆ ಬೆಲೆಗೆ ಇದು ಸಿಕ್ಕಿದ್ದೇ ಪುಣ್ಯ. ಜೋನಾ ಜಾಕ್ಸನ್ 2025ರ ಆರನೇ ಸುತ್ತಿಗೆ ರ‍್ಯಾಮ್ಸ್‌ನಿಂದ ಬಂದ. ಡೆಟ್ರಾಯಿಟ್‌ನಲ್ಲಿ ನಮ್ಮ ಹೊಸ ಮುಖ್ಯ ಕೋಚ್ ಬೆನ್ ಜಾನ್ಸನ್ ಕೈಕೆಳಗೇ ಆಡಿದವನು, ಕರೆಗಳ ಭಾಷೆ ಆಗಲೇ ಗೊತ್ತು. ಸೆಂಟರ್ ಡ್ರೂ ಡಾಲ್‌ಮನ್‌ಗೆ 3 ವರ್ಷಕ್ಕೆ 42 ಮಿಲಿಯನ್ ಡಾಲರ್. ಮೂವರಲ್ಲಿ ಕೇಲಬ್‌ಗೆ ಅತಿ ಹೆಚ್ಚು ಉಪಯೋಗ ಆಗೋದು ಇವನಿಂದ ಅನ್ನೋದು ನನ್ನ ಅಭಿಪ್ರಾಯ. ಮಧ್ಯದ ಲೈನ್‌ಬ್ಯಾಕರ್ ಯಾರು, ಸ್ಲೈಡ್ ಯಾವ ಕಡೆಗೆ ಅಂತ ಸೆಂಟರ್ ತಾನೇ ಗುರುತಿಸಿ ಹೇಳಿದರೆ ಎರಡನೇ ವರ್ಷದ ಹುಡುಗನ ತಲೆಯಿಂದ ಒಂದು ಹೊರೆ ಇಳಿಯಿತು.

ಉತ್ತರದತುದಿ

ಹಿಂದಕ್ಕೆ ಜಾರೋದಕ್ಕೂ ಮಧ್ಯದ ನಂಬಿಕೆಗೂ ಇರೋ ಸಂಬಂಧ ಹೊಳೆದೇ ಇರಲಿಲ್ಲ. ಹಾಗಾದರೆ ಬೆನ್ ಜಾನ್ಸನ್ ಬಂದ ಮೇಲೆ ಕೇಲಬ್ ಸ್ವತಃ ಬದಲಿಸಿಕೊಳ್ಳಬೇಕಾದ್ದು ಏನು? ಸೆಪ್ಟೆಂಬರ್ 8ರ ಸೋಮವಾರ ರಾತ್ರಿ ಮಿನೆಸೋಟ ಎದುರು ಮೊದಲ ಪಂದ್ಯ. ಅಂಕಪಟ್ಟಿ ಬಿಟ್ಟು ಏನನ್ನು ನೋಡಬೇಕು?

ಹಡಲ್‌ಹನ್ನೊಂದು

ಮೊದಲನೆಯದು ಬೆನ್ನು ತಿರುಗಿಸೋದು. ಕಾಲೇಜಿನಲ್ಲಿ ಕೇಲಬ್ ಆಡಿದ್ದು ಬಹುಪಾಲು ಶಾಟ್‌ಗನ್‌ನಿಂದ. ಐದು ಯಾರ್ಡ್ ಹಿಂದೆ ನಿಂತರೆ ಸ್ನ್ಯಾಪ್‌ನಿಂದ ಎಸೆತದವರೆಗೆ ಡಿಫೆನ್ಸ್ ಕಣ್ಣ ಮುಂದೇ ಇರುತ್ತೆ. ಡೆಟ್ರಾಯಿಟ್‌ನಲ್ಲಿ ಜಾನ್ಸನ್ ಕಟ್ಟಿದ್ದು ಅಂಡರ್ ಸೆಂಟರ್ ಓಟ ಮತ್ತು ಅದೇ ನೋಟದ ಪ್ಲೇ ಆಕ್ಷನ್ ಮೇಲೆ. ರನ್ನಿಂಗ್ ಬ್ಯಾಕ್‌ಗೆ ಕೊಟ್ಟ ಹಾಗೆ ನಟಿಸುವಾಗ ಹತ್ತಿರ ಹತ್ತಿರ ಒಂದು ಸೆಕೆಂಡ್ ಡಿಫೆನ್ಸ್ ಕಾಣೋದೇ ಇಲ್ಲ. ಸ್ನ್ಯಾಪ್‌ಗೆ ಮುಂಚೆ ಇಬ್ಬರು ಸೇಫ್ಟಿ ಆಳದಲ್ಲಿದ್ದರು, ತಿರುಗಿ ನೋಡುವಾಗ ಒಬ್ಬ ಕೆಳಗಿಳಿದಿರಬಹುದು. ಕತ್ತು ತಿರುಗಿದ ಕ್ಷಣದಲ್ಲೇ ಅದನ್ನು ಗುರುತಿಸಿ ಎಸೆಯಬೇಕು. ಜಾರೆಡ್ ಗಾಫ್ ಇದರಲ್ಲಿ ಪಳಗಿದವನು. 2024ರಲ್ಲಿ ಅವನದು ನೂರಕ್ಕೆ 72.4 ಪೂರ್ಣ ಪಾಸ್, 31 ಸ್ಯಾಕ್. ಕೇಲಬ್‌ನಷ್ಟು ಓಡೋ ಕಾಲು ಅವನಿಗಿಲ್ಲ. ಹಾಗಾಗಿಯೇ ಚೆಂಡು ಸಮಯಕ್ಕೆ ಬಿಡೋದನ್ನು ಕಲಿಯದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಎರಡನೆಯದು ಹಡಲ್, ಅಂದ್ರೆ ಪ್ಲೇ ಕೇಳೋಕೆ ತಂಡ ಗುಂಪುಗೂಡೋದು. ಪ್ಲೇ ಕ್ಲಾಕ್ 40 ಸೆಕೆಂಡ್. ಹೆಲ್ಮೆಟ್‌ನೊಳಗಿನ ರೇಡಿಯೊ 15 ಸೆಕೆಂಡ್ ಉಳಿದಾಗ ಬಂದ್ ಆಗುತ್ತೆ, ಆಮೇಲೆ ಕೋಚ್ ಏನೂ ಹೇಳೋಕಾಗಲ್ಲ. ಜಾನ್ಸನ್ ಕರೆಗಳು ಉದ್ದ: ಫಾರ್ಮೇಶನ್ (ನಿಲ್ಲೋ ಕ್ರಮ), ಮೋಷನ್ (ಸ್ನ್ಯಾಪ್‌ಗೆ ಮುಂಚೆ ಒಬ್ಬ ಜಾಗ ಬದಲಿಸೋದು), ಪ್ರೊಟೆಕ್ಷನ್, ರೂಟ್‌ಗಳು, ಎಷ್ಟೋ ಸಲ ಎರಡು ಪ್ಲೇ ಒಟ್ಟಿಗೆ. ಮೊದಲನೆಯದು ಹೊಂದದಿದ್ದರೆ ಲೈನ್‌ನಲ್ಲಿ ನಿಂತು ಎರಡನೆಯದಕ್ಕೆ ಬದಲಿಸಬೇಕು. ಇದೆಲ್ಲ ಒಪ್ಪವಾಗಿ ಆಗಬೇಕಾದರೆ 18ರ ಆಸುಪಾಸಿಗೆ ಹಡಲ್ ಒಡೆದಿರಬೇಕು. ಟಿವಿ ಪರದೆಯ ಮೂಲೆಯಲ್ಲಿ ಗಡಿಯಾರ ಇರುತ್ತಲ್ಲ, ಅದನ್ನೇ ನೋಡಿ. 10ಕ್ಕೆ ಹಡಲ್ ಒಡೀತಿದ್ದರೆ ಮೋಷನ್‌ಗೂ ಸಮಯವಿಲ್ಲ, ಪ್ರೊಟೆಕ್ಷನ್ ಬದಲಿಸೋಕೂ ಸಮಯವಿಲ್ಲ. ಡಿಲೇ ಆಫ್ ಗೇಮ್‌ಗೆ 5 ಯಾರ್ಡ್ ಹೋಗೋದು, ಮೂರನೇ ಕ್ವಾರ್ಟರ್‌ನಲ್ಲೇ ಟೈಮ್‌ಔಟ್ ಸುಟ್ಟುಹೋಗೋದು ಎರಡೂ ಇದರ ಲಕ್ಷಣ. ಮೊದಲ ತಿಂಗಳು ಇದು ಆಗೇ ಆಗುತ್ತೆ. ಅಕ್ಟೋಬರ್ ಕೊನೆಗೂ ಹಾಗೇ ಇದ್ದರೆ ಚಿಂತೆ ಮಾಡಿ.

ಎಸೆದು ಬಿಸಾಕೋದನ್ನೂ ಎಣಿಸಿ. ಟ್ಯಾಕಲ್‌ಗಳ ಅಳತೆಯಿಂದ ಆಚೆ ಓಡಿ ಬಂದು, ಚೆಂಡು ಸ್ಕ್ರಿಮೇಜ್ ಗೆರೆ (ಆ ಪ್ಲೇ ಶುರುವಾದ ಗೆರೆ) ತಲುಪೋ ಹಾಗೆ ಹೊರಗೆ ಎಸೆದರೆ ಇಂಟೆನ್ಷನಲ್ ಗ್ರೌಂಡಿಂಗ್ (ಸ್ಯಾಕ್ ತಪ್ಪಿಸೋಕೆ ಸುಮ್ಮನೆ ಬಿಸಾಕಿದ ತಪ್ಪು) ಆಗಲ್ಲ. ಎರಡನೇ ಡೌನ್‌ಗೆ 10 ಬೇಕಾದಾಗ ಹಾಗೆ ಬಿಸಾಕಿದರೆ ಮೂರನೇ ಡೌನ್‌ಗೂ 10ಕ್ಕೇ ನಿಲ್ಲುತ್ತೆ. ಜನ ಕೂಗ್ತಾರೆ. ಆದರೆ ಲೆಕ್ಕಪತ್ರ ಅವರು ಹೇಳಿದ ಆ 466 ಯಾರ್ಡ್ ಕರಗೋದು ಇಂಥ ಎಸೆತಗಳಿಂದಲೇ.

ಮಿನೆಸೋಟ ಪಂದ್ಯದ ಬಗ್ಗೆ ಒಂದು ಮಾತು. ಅಲ್ಲಿನ ಡಿಫೆನ್ಸ್ ನಡೆಸೋದು ಬ್ರಯಾನ್ ಫ್ಲೋರೆಸ್. ಆರೇಳು ಜನರನ್ನು ಗೆರೆಯ ಮೇಲೆ ನಿಲ್ಲಿಸ್ತಾರೆ, ಸೆಂಟರ್‌ನ ಎರಡೂ ಪಕ್ಕ ಲೈನ್‌ಬ್ಯಾಕರ್‌ಗಳು. ಸ್ನ್ಯಾಪ್ ಆದ ಮೇಲೆ ಒಮ್ಮೆ ಏಳೂ ಜನ ಬರ್ತಾರೆ, ಇನ್ನೊಮ್ಮೆ ಮೂರೇ ಜನ ಬಂದು ಉಳಿದವರು ಹಿಂದೆ ಸರಿದು ಸ್ಲ್ಯಾಂಟ್‌ನ ದಾರಿಯಲ್ಲೇ ನಿಂತಿರ್ತಾರೆ. ಎಡಗಾರ್ಡ್ ಹೇಳಿದ ತಲೆ ಎಣಿಕೆಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಡಾಲ್‌ಮನ್ ಕೈ ಯಾರತ್ತ ತೋರಿಸ್ತಾನೆ, ಕೇಲಬ್ ಅದನ್ನು ಒಪ್ಪಿ ಬಿಡ್ತಾನಾ ಅಥವಾ ಬದಲಿಸ್ತಾನಾ, ಖಾಲಿ ಬಂದವನ ಎದುರು ಎರಡು ಸೆಕೆಂಡಿನೊಳಗೆ ಚೆಂಡು ಕೈ ಬಿಡ್ತಾ ಅನ್ನೋದನ್ನು ಬರೆದುಕೊಳ್ಳಿ. ಸ್ಯಾಕ್ ಆದರೂ ಪರವಾಗಿಲ್ಲ, ಅವನು ಪಾಕೆಟ್‌ನಲ್ಲಿ (ಲೈನ್ ಕಾಯುವ ಜಾಗ) ಎಂಟು ಯಾರ್ಡ್ ಹಿಂದೆ ಇದ್ದನಾ ಹನ್ನೊಂದು ಯಾರ್ಡ್ ಹಿಂದೆ ಇದ್ದನಾ ಅಂತ ಪಕ್ಕದಲ್ಲೇ ಗುರುತು ಹಾಕಿ.

ಲೆಕ್ಕಪತ್ರ

ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಬಿಡಿ: ಸ್ಯಾಕ್ ಆದಾಗ ಚೆಕ್‌ಡೌನ್ (ಹತ್ತಿರದ ಸುಲಭ ಪಾಸ್) ಖಾಲಿ ಇತ್ತಾ ಇಲ್ವಾ. ಮೊದಲನೇ ಡೌನ್‌ನಲ್ಲಿ ಆದದ್ದನ್ನೂ ಮೂರನೇ ಡೌನ್‌ಗೆ 15 ಇದ್ದಾಗ ಆದದ್ದನ್ನೂ ಒಟ್ಟಿಗೆ ಕೂಡಿಸಬೇಡಿ. ಮೂರನೇ ಡೌನ್‌ಗೆ ಉದ್ದ ಇದ್ದಾಗ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಕಾಯೋದಕ್ಕೆ ಕಾರಣ ಇರುತ್ತೆ. ಮೊದಲನೇ ಡೌನ್‌ನಲ್ಲಿ ಖಾಲಿ ನಿಂತ ರನ್ನಿಂಗ್ ಬ್ಯಾಕ್ ಕಣ್ಣ ಮುಂದಿರುವಾಗ ತಿಂದ ಸ್ಯಾಕ್‌ಗಳನ್ನು ಮಾತ್ರ ಪೂರ್ತಿ ಕೇಲಬ್ ಹೆಸರಿಗೆ ಬರೆಯಿರಿ. ಅಕ್ಟೋಬರ್ ಹೊತ್ತಿಗೆ ಆ ಒಂದು ಕಾಲಂ ಖಾಲಿಯಾಗ್ತಾ ಬಂದಿದೆಯಾ ಅಂತ ಇಲ್ಲೇ ಹಾಕಿ, ಕೂಡಿ ನೋಡೋಣ.